ಮಗಳ ನಡಿಗೆಯಲ್ಲಿ ಇಪ್ಪತ್ತು ನಿಮಿಷ

ಫುಟ್‌ಪಾತಿನ ಅಂಚಿನಲ್ಲಿ ಕೂತು ಮಗಳು ಬಿಚ್ಚಿಹೋದ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದಳು. ಅಮ್ಮನ ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಹದಿನಾರನೆಯ ನಿಮಿಷ ಓಡುತ್ತಿತ್ತು. ಹಾಕಿಬಿಡಲೇ ಎಂದು ಚಾಚಿದ ಕೈಗಳನ್ನು ಅಮ್ಮ ಬೆನ್ನ ಹಿಂದೆ ಕಟ್ಟಿಕೊಂಡಳು. ತಾನು ಕೈಹಾಕಿದರೆ ಲೆಕ್ಕ ಸುಳ್ಳಾಗುತ್ತದೆ; ದಿನಾ ಬೆಳಿಗ್ಗೆಯೂ ಇವಳು ‘ನಾನೇ’ ಎನ್ನುವವಳೇ.

ಮನೆಯಿಂದ ಕೆಲಸ ಸಾಕು, ಸೋಮವಾರದಿಂದ ಎಲ್ಲರೂ ಆಫೀಸಿಗೇ ಬರಬೇಕು ಎಂದು ಅಮ್ಮನ ಕಂಪನಿ ಹೇಳಿತ್ತು. ಈಗಿನ ಮನೆಯಿಂದ ಬಸ್ಸಿನಲ್ಲಿ ಎರಡು ಗಂಟೆ. ಅಲ್ಲೇ ಇದ್ದರೆ ಕೆಲಸ ಬಿಡುವುದೊಂದೇ ದಾರಿ. ಇಂದು ನೋಡಿದ ಪುಟ್ಟ ಮನೆಯಿಂದ ಆಫೀಸಿನ ಪಕ್ಕದ ಡೇಕೇರಿಗೆ ಮಗಳು ಇಪ್ಪತ್ತು ನಿಮಿಷದೊಳಗೆ ನಡೆದು ಮುಟ್ಟಿದರೆ ಕೆಲಸ ಉಳಿಯುತ್ತದೆ; ಬೆಳಿಗ್ಗೆ ಅದಕ್ಕಿಂತ ಹೆಚ್ಚು ಸಮಯ ಸಿಗದು.

ಆ ಮನೆ ಬೇರೆಯವರ ಪಾಲಾಗದಂತೆ ಬಾಗಿಲಲ್ಲೇ ಕಾದಿದ್ದ ಗಂಡ ಫೋನ್ ಮಾಡಿದ. “ಮನೆ ನೋಡೋಕೆ ಇನ್ನೊಂದು ಜೋಡಿ ಬಂದಿದೆ ಕಣೇ. ಬ್ರೋಕರ್ ನನ್ನನ್ನ ತಿನ್ನೋ ಹಾಗೆ ನೋಡ್ತಿದಾನೆ. ಮಗೂನ ಎತ್ಕೊಂಡು ಓಡು!”

“ದಿನಾ ನೀವು ಬಂದು ಎತ್ಕೋತೀರಾ? ಸುಮ್ನೆ ಬಾಗಿಲಿಗೆ ಅಡ್ಡ ನಿಂತಿರಿ!”

“ಚಪ್ಪಲಿ ಹಾಕ್ಕೊಂಡಾಯ್ತಮ್ಮಾ!” ಎನ್ನುತ್ತ ಮಗಳು ಎದ್ದವಳೇ ಓಟ ಕಿತ್ತಳು. ಅಮ್ಮನೂ ಹಿಂದೆಯೇ ಓಡಿದಳು. ಬ್ಯಾಗು ಸೊಂಟಕ್ಕೆ ಬಡಿಯುತ್ತಿತ್ತು. ಮಗಳ ಎರಡೂ ಅಂಗೈ ಡೇಕೇರಿನ ಗೇಟಿಗೆ ಪಟ್ಟೆಂದು ಬಡಿದಾಗ ಹತ್ತೊಂಬತ್ತು ನಿಮಿಷ, ಎರಡು ಸೆಕೆಂಡು.

“ರೀ, ಬ್ರೋಕರ್ ಹತ್ರ ಕೀಲಿ ಇಸ್ಕೊಳ್ಳಿ!” ಎಂದು ಅಮ್ಮ ಫೋನಿಗೆ ಕೂಗಿದಳು.