ಕಡಕೊಳ ಟೋಲ್, ಏಳು ಐವತ್ತೆರಡು

ಫೋನು ಕುಂಯ್ ಎಂದದ್ದೇ ತಡ, ಪದ್ಮಾವತಿ ದೋಸೆಯನ್ನು ಹಂಚಿನ ಮೇಲೆಯೇ ಬಿಟ್ಟು ಓಡಿದಳು. ಕಡಕೊಳ ಟೋಲ್, ಏಳು ಐವತ್ತೆರಡು. ಗಂಡ ಮಹದೇವಪ್ರಸಾದನ ಕಾರು ನಂಜನಗೂಡಿನ ಕಡೆಗೆ ದಾಟಿತ್ತು. ಸೋಮವಾರ ತಾನೆ, ಸರಿ.

ಕಾರಿನ ಗಾಜಿಗೆ ಅಂಟಿಸಿದ ಆ ಟ್ಯಾಗು ಚಾಡಿಕೋರರಲ್ಲಿ ಚಾಡಿಕೋರ. ಟೋಲ್ ಗೇಟಿನ ಯಂತ್ರ ಟ್ಯಾಗನ್ನಷ್ಟೇ ಗುರುತು ಹಿಡಿಯುತ್ತದೆ, ಒಳಗೆ ಕೂತವರ ಮುಖ ಅದಕ್ಕೆ ಬೇಕಿಲ್ಲ. ದುಡ್ಡು ಹೋಗುವುದು ಇವಳ ಬ್ಯಾಂಕ್ ಖಾತೆಯಿಂದ, ಹಾಗಾಗಿ ಎಲ್ಲಿ, ಯಾವಾಗ, ಎಲ್ಲವೂ ಇವಳ ಫೋನಿಗೆ ಬಂದು ಬೀಳುತ್ತದೆ. ಸೋಮವಾರ ನಂಜುಂಡನ ದರ್ಶನ ಮೊದಲಿಂದಲೂ ಇದ್ದದ್ದೇ. ಆದರೆ ಈಚೆಗೆ ಗುರುವಾರ ಮಂಡ್ಯದ ದಾರಿ ಯಾಕೆ? ಅಲ್ಲಿ ಯಾರಿದ್ದಾರೋ! ಹಿಂದೆಲ್ಲ ಆಗಿದ್ದರೆ ಜಗಳ ತೆಗೆಯುತ್ತಿದ್ದಳು. ಈಗ ಕೇಳುವುದನ್ನೇ ಬಿಟ್ಟಿದ್ದಳು.

ಮಗಳು ಲಾಸ್ಯಳಿಗೆ ಇದನ್ನು ಕಂಡರಾಗದು.

"ಇದು ಕದ್ದು ನೋಡೋದು ಕಣಮ್ಮ," ಎಂದಳು ತಟ್ಟೆಯ ಮುಂದೆ ಕೂತು. "ಗೊತ್ತಾದ್ರೆ ಸುಮ್ನಿರ್ತಾರಾ? ಬ್ಯಾಂಕಿಗೆ ಹೇಳಿ ಬಂದ್ ಮಾಡಿಸ್ಬುಡು."

"ಬಂದ್ ಮಾಡಿಸಿದ್ರೆ ನಿಮ್ಮಪ್ಪ ಎಲ್ಲಿ ಹೋದ್ರು, ಬಂದ್ರು ಅಂತ ನಂಗೆ ಯಾರು ಹೇಳ್ತಾರೆ?"

ಲಾಸ್ಯ ಅರ್ಧ ದೋಸೆ ಬಿಟ್ಟು ಎದ್ದುಹೋದಳು.

ವಾಪಸಾಗುವ ಸುದ್ದಿ ಐದರೊಳಗೆ ಬರಬೇಕು. ಬಂದ ಮೇಲೇ ಪದ್ಮಾವತಿ ಕಾಫಿಗೆ ಹಾಲಿಡುವುದು. ಇಂದು ಐದಾಯಿತು, ಆರಾಯಿತು. ವಿದ್ಯಾರಣ್ಯಪುರಂನ ಬೀದಿದೀಪಗಳು ಹತ್ತಿಕೊಂಡವು. ಫೋನು ಕಮಕ್ ಕಿಮಕ್ ಎನ್ನಲಿಲ್ಲ. ಹಿಂದೊಮ್ಮೆಯೂ ಹೀಗೇ ಒಂದು ಸೋಮವಾರ ಕಾದು ಕೂತಿದ್ದಳು. ಆ ಸಲ ಕಾರೇನೋ ಬಂದಿತ್ತು.

ಯಾರೋ ಬಾಗಿಲು ಬಡಿದರು. ಪದ್ಮಾವತಿ ಎದ್ದುಬಿದ್ದು ಓಡಿದಳು. ಹೊರಗೆ ಒಬ್ಬ ಗಂಡಸು ಮುಖ ಸಣ್ಣದು ಮಾಡಿಕೊಂಡು, ಚಪ್ಪಲಿ ಬಿಟ್ಟು ನಿಂತಿದ್ದ. ಕೈಯಲ್ಲೊಂದು ಕವರು.

"ತಪ್ಪಾಯ್ತು ಅಮ್ಮ, ನಾನು ಸುಂದರೇಶ," ಎಂದ ಅವನು. "ಎರಡು ವರ್ಷದ ಹಿಂದೆ, ನಿಮ್ಮ ಯಜಮಾನರು ತೀರ್ಕೊಂಡು, ಅವರ ಶಿವಗಣಾರಾಧನೆ ಮುಗಿದ ವಾರ ಕಾರು ತಗೊಂಡೋನು. ಆಫೀಸ್ ಕೆಲಸಕ್ಕೆ ಓಡಾಡೋದಲ್ವಾ, ಟೋಲ್ ದುಡ್ಡು ನಮ್ಮ ಆಫೀಸಿಂದ ಹೋಗ್ತಿದೆ ಅಂದ್ಕೊಂಡಿದ್ದೆ. ಟ್ಯಾಗು ಇನ್ನೂ ನಿಮ್ಮ ಹೆಸರಲ್ಲೇ ಇದೆ ಅಂತ ಇವತ್ತು ಟೋಲಿನವರು ಹೇಳಿದ್ರು. ನಾನು ಬೇರೆ ಹಾಕಿಸ್ಕೊಂಡೆ. ಇದನ್ನ ಕಿತ್ತು ತಂದಿದೀನಿ."

ಶಿವಗಣಾರಾಧನೆಯ ದಿನವೂ ಅಳದಿದ್ದ ಪದ್ಮಾವತಿ, ಆ ಹರಿದ ಟ್ಯಾಗನ್ನು ಸೆರಗಿನಲ್ಲಿ ಹಿಡಿದು ಗೋಳೋ ಎಂದು ಅತ್ತಳು.