ಜೋಡಿ ನೋವುಪಟ್ಟಿ

ತೀರಿಕೊಂಡ ನನ್ನ ಗಂಡ ವೀರೇಶನ ಮಣ್ಣಿಗೆ ಬಂದಿದ್ದ ನೆಂಟರು ಹೋದ ಮರುದಿನ ಬೆಳಿಗ್ಗೆ, ಹಾಲು ಕಾಯಿಸುವಾಗ ಕಿಬ್ಬೊಟ್ಟೆ ನೋಯಿತು. ನನ್ನ ಅಂಡಾಶಯದಲ್ಲಿ ನೀರುಗುಳ್ಳೆ ಕಂಡಾಗ, ಆ ನೋವನ್ನು ತಾನು ಹೊರಲೆಂದು ಅವನು ಪಕ್ಕದ ಮನೆಯ ಕಾಶವ್ವನಿಂದ ಜೋಡಿ ನೋವುಪಟ್ಟಿ ಕಡ ತಂದಿದ್ದ. ಒಂದು ನನ್ನ ಸೊಂಟಕ್ಕೆ, ಇನ್ನೊಂದು ಅವನ ಸೊಂಟಕ್ಕೆ; ಕಟ್ಟಿಕೊಂಡರೆ ನನ್ನ ನೋವು ಅವನಿಗೆ ಹೋಗುತ್ತಿತ್ತು.

ನನ್ನ ಜೊತೆಗೆ ಉಳಿದಿದ್ದ ನಾದಿನಿ ಅವನ ಪಟ್ಟಿ ಕೈಗೆತ್ತಿಕೊಂಡಳು. “ನಾ ಕಟ್ಕೋತೀನ್ರಿ ವೈನಿ. ಇಲ್ಲಾಂದ್ರ ಆಪರೇಶನ್ ಮಾಡಿಸ್ಕೊಂಡಬಿಡ್ರಿ.”

“ಎರಡೂ ಬ್ಯಾಡ. ಇದು ಎರಡ್ಮೂರು ಮುಟ್ಟಿನಾಗ ತಾನ ಕರಗತೈತಂತ ಡಾಕ್ಟರು ಹೇಳ್ಯಾರ. ಒಮ್ಮೆಲೆ ಜೋರಾದ್ರ ಮಾತ್ರ ಓಡಿ ಬರ್ರಿ ಅಂದಾರ. ನೋವು ನಿನ್ನ ಹತ್ರ ಇದ್ರ ನನಗ ಹೆಂಗ ಗೊತ್ತಾಗಬೇಕು?”

ಗುಳಿಗೆ ನುಂಗಿ, ಎರಡೂ ಪಟ್ಟಿ ಹಿಡಿದು ಕಾಶವ್ವನ ಬಾಗಿಲಿಗೆ ಹೋದೆ.

“ಇರಲಿ ಇಟ್ಕೋ ತಂಗಿ,” ಎಂದಳು.

“ನಿಮ್ಮ ಸೊಸಿಗೆ ದಿನ ತುಂಬ್ಯಾವ. ಒಂದು ಆಕಿಗೆ, ಇನ್ನೊಂದು ಮಗಗ ಕಟ್ರಿ. ನನ್ನ ನೋವು ನನಗಿರ್ಲಿ,” ಎಂದು ಅವಳ ಕೈಗಿಟ್ಟೆ.