ಸಂತಾಪ ಸಭೆಯ ಕೊನೇ ಮಾತು

ಮೂವತ್ತು ವರ್ಷ ಸೋಪು, ಉಪ್ಪಿನಕಾಯಿಗಳಿಗೆ ಜಾಹೀರಾತು ಬರೆದು ನಿವೃತ್ತರಾಗಿದ್ದ ಪಂಚಾಕ್ಷರಿಯವರಿಗೆ ಊರು ತುಂಬ ಸ್ನೇಹಿತರು. ಅವರ ಸಂತಾಪ ಸಭೆಯಲ್ಲಿ ವೆಂಕೋಬ ಮುಂದಿನ ಸಾಲಿನಲ್ಲೇ ಕೂತಿದ್ದ. ಆಸ್ಪತ್ರೆಯಲ್ಲಿ ಅವರೇ ಅವನ ಕೈ ಹಿಡಿದು ಹೇಳಿದ್ದರು: "ಸಂತಾಪ ಸಭೇಲಿ ಜನ ಕಾಫಿ ಕುಡಿದು ಎದ್ದು ಹೋಗ್ತಾರೆ ಕಣೋ. ನನ್ನ ಸಭೇಲಿ ಹಾಗಾಗ್ಬಾರ್ದು. ಕೊನೇ ಮಾತು ನಿಂದೇ. ನಂಗಿರೋ ಒಬ್ನೇ ಆಪ್ತ ನೀನು."

ವೆಂಕೋಬ ಎದ್ದು ಹೋಗಿ ಮೈಕ್ ಹಿಡಿದ. ಇನ್ನೊಬ್ಬ ಸ್ನೇಹಿತ ಲಿಂಗಣ್ಣ ಓಡಿ ಬಂದು ಅದನ್ನು ಕಿತ್ತುಕೊಂಡು ಕೂಗಿದ:

"ಏಯ್, ಕೊನೇ ಮಾತು ನಂದು! ಆಸ್ಪತ್ರೇಲಿ ಕೈ ಹಿಡ್ಕೊಂಡು ಹೇಳಿದಾನೆ."

"ನಿಂಗಾ? ಅವನ ಲೈಫಲ್ಲಿ ನೀನು ಸೈಡ್ ಆಕ್ಟರ್ ಕಣೋ!"

"ಇನ್ನೊಂದ್ಸಲ ಹೇಳು, ನಿನ್ನ ಫೋಟೋಗೂ ಇವತ್ತೇ ಹಾರ ಬೀಳುತ್ತೆ!"

ವೆಂಕೋಬ ಇನ್ನೊಂದು ಸಲ ಹೇಳಿದ. ಮೈಕ್ ಅವನ ಹಲ್ಲಿಗೆ ಬಡಿಯಿತು. ಅವನು ಕುರ್ಚಿ ಎತ್ತಿ ಲಿಂಗಣ್ಣನ ಬೆನ್ನಿಗೆ ಇಳಿಸಿದ. ಬಿಡಿಸಲು ಬಂದ ಮೂರನೆಯವನು "ನಂಗೂ ಹಾಗೇ ಹೇಳಿದ್ನಲ್ರೋ" ಎಂದದ್ದೇ ತಡ, ಇಬ್ಬರೂ ಸೇರಿ ಅವನ ಮೂಗು ಒಡೆದರು. ಫೋಟೋದ ಮುಂದಿನ ಹೂವಿನ ಮೇಲೆಲ್ಲ ರಕ್ತ. ಹೊರಗೆ ಕಾಫಿ ತಣ್ಣಗಾಗುತ್ತಿತ್ತು. ಸಭೆಯಲ್ಲಿ ಒಬ್ಬರೂ ಕದಲಲಿಲ್ಲ.

ನೆಲಕ್ಕೆ ಬಿದ್ದಿದ್ದ ವೆಂಕೋಬ ಬಾಯಿ ಒರೆಸಿಕೊಂಡು, "ಅತ್ತಿಗೆ, ನೀವಾದ್ರೂ ಹೇಳಿ, ಕೊನೇ ಮಾತು ಯಾರಿಗೆ ಕೊಟ್ಟಿದ್ದ?" ಎಂದ.

ಪಂಚಾಕ್ಷರಿಯವರ ಹೆಂಡತಿ ಗಡಿಯಾರ ನೋಡಿ, ಗಂಡನೇ ಬರೆದಿಟ್ಟಿದ್ದ ಕಾರ್ಯಕ್ರಮ ಪಟ್ಟಿಯನ್ನು ಬಿಚ್ಚಿ ಓದಿದರು: "ಐದು ಗಂಟೆಗೆ ಪ್ರಾರ್ಥನೆ. ಐದೂಕಾಲಿಗೆ ಹೊಡೆದಾಟ. ಐದೂವರೆಗೆ ಕೊನೇ ಮಾತು, ಇನ್ನೂ ಎದ್ದು ನಿಂತಿರೋರಿಂದ."